ಬಾಳುವ ಪಾತ್ರೆ, ಬಿಸಾಡುವ ಹಾಳೆ

"ಮೇಷ್ಟ್ರೇ, ಈ ಫಾಯಿಲ್ ಮಾಡೋ ಕಂಪನಿಯೋರು ಮೊದಲಿಂದ್ಲೂ ಇದನ್ನೇ ಮಾಡ್ತಿದ್ರಾ? ಇಲ್ಲ, ಪಾತ್ರೆಪಡಗ ಮಾಡ್ತಾ ಮಾಡ್ತಾ ಇದಕ್ಕಿಳಿದ್ರಾ?"

ಚಪಾತಿ ಸುತ್ತಿದ್ದ ಹಾಳೆಯನ್ನು ನೀವಿ ಮಡಿಸುತ್ತ ಪಕ್ಕದ ಮನೆಯ ಅಕ್ಕ ಕಾಂಪೌಂಡಿನ ಆಚೆಯಿಂದ ಕೇಳಿದರು. ಒಳ್ಳೆಯ ಪ್ರಶ್ನೆ. ತಾಮ್ರ, ಕಂಚು, ಹಿತ್ತಾಳೆ, ಕಬ್ಬಿಣ ಇವುಗಳಿಗೆಲ್ಲ ನಮ್ಮ ಒಲೆಯ ಮುಂದೆ ಶತಮಾನಗಳ ಬಾಳ್ವೆಯಿದೆ. ಅವನ್ನು ಮನೆಗೆ ತಂದವರು ಕಂಚುಗಾರರು, ಕಮ್ಮಾರರು, ಸಂತೆಯ ವ್ಯಾಪಾರಿಗಳು. ಅಲ್ಯೂಮಿನಿಯಂ ಹಾಗಲ್ಲ. ಅದು ಕಂಪನಿಯ ಕೈಹಿಡಿದೇ ಅಡುಗೆಮನೆಗೆ ಬಂತು. ಹೇಗೆ ಬಂತು ಎಂದು ತಿಳಿದರೆ ಅದನ್ನು ಹೇಗೆ ಬಳಸಬೇಕು ಎನ್ನುವುದೂ ತಿಳಿಯುತ್ತದೆ ಎಂದು ನನ್ನ ನಂಬಿಕೆ.

"ಆಸೆಪಟ್ಟು ಪಾತ್ರೆಗಿಳಿದವರಲ್ಲ ಅಕ್ಕ" ಎಂದೆ. "ಲೋಹ ಮಾಡಿ ರಾಶಿ ಹಾಕಿಕೊಂಡರು. ಕೊಳ್ಳುವವರು ಬರಲಿಲ್ಲ. ಆಗ ಅಡುಗೆಮನೆ ಬಾಗಿಲು ತಟ್ಟಿದರು."

"ಯಾಕೆ, ಅಷ್ಟೊಂದು ದುಬಾರಿನಾ?"

ಒಂದು ಕಾಲಕ್ಕೆ ಬೆಳ್ಳಿಗಿಂತಲೂ ದುಬಾರಿಯೇ. ಭೂಮಿಯ ಹೊರಪದರದ ತೂಕದಲ್ಲಿ ನೂರಕ್ಕೆ ಎಂಟು ಪಾಲು ಅಲ್ಯೂಮಿನಿಯಮ್ಮೇ ಇದೆ; ಯಾವ ಲೋಹವೂ ಅಷ್ಟಿಲ್ಲ. ಆದರೆ ಅದು ಆಮ್ಲಜನಕವನ್ನು ಬಿಗಿಯಾಗಿ ಅಪ್ಪಿಕೊಂಡು ಮಣ್ಣಿನೊಳಗಿರುತ್ತದೆ. ಬಿಡಿಸುವ ಉಪಾಯ ಯಾರಿಗೂ ಸುಲಭವಾಗಿ ಸಿಕ್ಕಿರಲಿಲ್ಲ. 1884ರಲ್ಲಿ ಅಮೆರಿಕದ ವಾಷಿಂಗ್ಟನ್ ಸ್ಮಾರಕದ ತುತ್ತತುದಿಗೆ ಕೂರಿಸಲು 100 ಔನ್ಸಿನ, ಅಂದರೆ ಸುಮಾರು 2.8 ಕಿಲೋ ತೂಕದ ಅಲ್ಯೂಮಿನಿಯಂ ತುಂಡನ್ನು ಎರಕ ಹೊಯ್ದರು. ಮೇಲಕ್ಕೇರಿಸುವ ಮುಂಚೆ ಅದನ್ನು ನ್ಯೂಯಾರ್ಕಿನ ಟಿಫನಿ ಒಡವೆ ಅಂಗಡಿಯಲ್ಲಿ ಜನ ನೋಡಲೆಂದು ಇಟ್ಟಿದ್ದರು. ಇವತ್ತು ಅಷ್ಟು ತೂಕ ಮದುವೆಮನೆಯ ಒಂದು ದೊಡ್ಡ ತಪ್ಪಲೆಯಲ್ಲೇ ಇರುತ್ತದೆ.

ಎರಡು ವರ್ಷ ಕಳೆಯುವಷ್ಟರಲ್ಲಿ ಗಂಟು ಬಿಚ್ಚಿತು. ಒಹಾಯೊ ರಾಜ್ಯದ ಓಬರ್ಲಿನ್ ಎಂಬ ಚಿಕ್ಕ ಊರಿನಲ್ಲಿ ಚಾರ್ಲ್ಸ್ ಮಾರ್ಟಿನ್ ಹಾಲ್ ಎಂಬ 22ರ ಹುಡುಗ, ಮನೆಗೆ ಸೇರಿದ ಸೌದೆಕೊಟ್ಟಿಗೆಯಲ್ಲಿ ಪ್ರಯೋಗಕ್ಕೆ ಕೂತ. ಬಾಕ್ಸೈಟ್ ಅದಿರಿನಿಂದ ಸಿಗುವ ಅಲ್ಯುಮಿನಾ ಎಂಬ ಬಿಳಿ ಪುಡಿಯನ್ನು, ಕರಗಿಸಿದ ಕ್ರಯೊಲೈಟ್ ಎಂಬ ಖನಿಜದಲ್ಲಿ ಬೆರೆಸಿ ವಿದ್ಯುತ್ ಹರಿಸಿದ. 1886ರ ಫೆಬ್ರವರಿ 23ರಂದು ಲೋಹದ ಚಿಕ್ಕ ಗುಂಡುಗಳು ಸಿಕ್ಕವು. ಅವನ ಅಕ್ಕ ಜೂಲಿಯಾ ಕೂಡ ರಸಾಯನಶಾಸ್ತ್ರ ಓದಿದವಳು; ಕೆಲಸದ ಪ್ರತಿ ಹೆಜ್ಜೆಯನ್ನೂ ಬಲ್ಲವಳು. ಹಾಲ್ ಹೆಸರು ಹೇಳುವಾಗ ಅವಳ ಹೆಸರನ್ನೂ ಹೇಳುವುದು ನ್ಯಾಯ. ಅದೇ ವರ್ಷ ಫ್ರಾನ್ಸಿನಲ್ಲಿ ಪಾಲ್ ಎರೂ ಎಂಬವನಿಗೂ ಇದೇ ಉಪಾಯ ಹೊಳೆಯಿತು. ಇಬ್ಬರೂ ಹುಟ್ಟಿದ್ದು 1863ರಲ್ಲಿ, ತೀರಿಕೊಂಡದ್ದು 1914ರಲ್ಲಿ. ಇವತ್ತಿಗೂ ಜಗತ್ತಿನ ಅಲ್ಯೂಮಿನಿಯಂ ತಯಾರಾಗುವುದು ಇವರಿಬ್ಬರ ದಾರಿಯಲ್ಲೇ.

1888ರಲ್ಲಿ ಪಿಟ್ಸ್‌ಬರ್ಗಿನಲ್ಲಿ ಆಲ್ಫ್ರೆಡ್ ಹಂಟ್ ಎಂಬ ಲೋಹತಜ್ಞ ಹಣ ಹೊಂದಿಸಿ, ಹಾಲ್ ಜತೆ ಸೇರಿ ಪಿಟ್ಸ್‌ಬರ್ಗ್ ರಿಡಕ್ಷನ್ ಕಂಪನಿ ತೆರೆದ. ಮುಂದೆ ಇದೇ ಅಲ್ಕೋವಾ ಆಯಿತು. ಆಗಷ್ಟೇ ಕಾಲೇಜು ಮುಗಿಸಿ ಬಂದ ಆರ್ಥರ್ ವೈನಿಂಗ್ ಡೇವಿಸ್ ಹಾಲ್‌ನ ಜತೆಗೆ ನಿಂತು ಕೆಲಸ ಮಾಡುತ್ತಿದ್ದ. ಪೌಂಡಿಗೆ ಐದು ಡಾಲರಿನ ಆಸುಪಾಸಿನಲ್ಲಿದ್ದ ಬೆಲೆಯನ್ನು 1893ರ ಹೊತ್ತಿಗೆ ಒಂದು ಡಾಲರಿಗಿಂತ ಕೆಳಗಿಳಿಸಿದರು. ಆದರೂ ಕೊಳ್ಳುವವರು ಕಡಿಮೆ. ಉಕ್ಕು ಮಾಡುವವರು ಕುದಿಯುವ ಉಕ್ಕಿಗೆ ಒಂದು ಚಿಟಿಕೆ ಹಾಕಲು ಕೊಳ್ಳುತ್ತಿದ್ದರು, ಅಷ್ಟೆ. ಹೊಸ ಲೋಹವನ್ನು ಎರಕ ಹೊಯ್ಯುವುದು ಹೇಗೆ, ತಗಡು ಬಡಿಯುವುದು ಹೇಗೆ, ಬೆಸೆಯುವುದು ಹೇಗೆ ಎಂದು ಗೊತ್ತಿದ್ದವರೇ ಇರಲಿಲ್ಲ. ಗೊತ್ತಿಲ್ಲದ ಲೋಹಕ್ಕೆ ಯಾರು ಕಾಸು ಬಿಚ್ಚುತ್ತಾರೆ?

ಡೇವಿಸ್ ಒಂದು ಉಪಾಯ ಮಾಡಿದ. ಅಲ್ಯೂಮಿನಿಯಮ್ಮಿನಲ್ಲಿ ಚಹಾ ನೀರು ಕಾಯಿಸುವ ಕೆಟಲ್ ಮಾಡಿಸಿಕೊಂಡು, ಈರಿ ಊರಿನಲ್ಲಿ ಎರಕದ ಕಬ್ಬಿಣದ ಪಾತ್ರೆಗೆ ಹೆಸರಾಗಿದ್ದ ಗ್ರಿಸ್‌ವೋಲ್ಡ್ ಕಂಪನಿಗೆ ತೋರಿಸಲು ಹೋದ. ನಮ್ಮ ಲೋಹ ಕೊಂಡು ನೀವು ಹೀಗೆ ಕೆಟಲ್ ಮಾಡಿ ಮಾರಿ ಎನ್ನುವುದು ಅವನ ಲೆಕ್ಕ. ಅವರು ಲೆಕ್ಕವನ್ನೇ ತಿರುಗಿಸಿದರು. ಕೆಟಲ್ ಚೆನ್ನಾಗಿದೆ, 2000 ಮಾಡಿಕೊಡಿ ಎಂದರು.

"ಹಾಗಾದ್ರೆ ಲೋಹ ಮಾರೋಕೆ ಹೋದೋನು ಪಾತ್ರೆ ಆರ್ಡರ್ ಹೊತ್ತುಕೊಂಡು ಬಂದ ಅನ್ನಿ!"

ಹೌದು, ಅಲ್ಲಿಂದಲೇ ಲೋಹದ ಕಂಪನಿ ಪಾತ್ರೆಗಿಳಿಯಿತು. ಆದರೆ ಆರಂಭದ ದಾರಿ ನೆಟ್ಟಗಿರಲಿಲ್ಲ. ಯಾರು ಯಾರೋ ತೆಳ್ಳನೆಯ ತಗಡಿನಲ್ಲಿ ಪಾತ್ರೆ ಮಾಡಿ ಮಾರಿದರು. ಅವು ಸೊಟ್ಟಗಾದವು, ತಳ ಹಿಡಿದವು, ಲೋಹಕ್ಕೇ ಕೆಟ್ಟ ಹೆಸರು ಬಂತು. ಅದನ್ನು ತೊಳೆದುಕೊಳ್ಳಲು ಕಂಪನಿ ತಾನೇ ಮುಂದಾಗಬೇಕಾಯಿತು. 1901ರಲ್ಲಿ ನ್ಯೂ ಕೆನ್ಸಿಂಗ್ಟನ್ ಊರಿನಲ್ಲಿ ಪಾತ್ರೆಗೆಂದೇ ಬೇರೆ ಕಂಪನಿ ಕಟ್ಟಿ, ವೇರ್-ಎವರ್ ಎಂಬ ಹೆಸರಿನಲ್ಲಿ ಗಟ್ಟಿಮುಟ್ಟಾದ ಪಾತ್ರೆಗಳನ್ನು ತಂದರು.

ಈ ಕಥೆಯಲ್ಲಿ ನನಗೆ ತುಂಬ ಹಿಡಿಸುವುದು ಅವರು ಮಾರಿದ ರೀತಿ. ಅಂಗಡಿಯ ಕಪಾಟಿನಲ್ಲಿ ಇಟ್ಟರೆ ಹೊಸ ಲೋಹವನ್ನು ಯಾರೂ ನಂಬುವುದಿಲ್ಲ ಎಂದು ಅವರಿಗೆ ತಿಳಿದಿತ್ತು. ಬೇಸಿಗೆ ರಜೆಯಲ್ಲಿ ಕಾಲೇಜು ಹುಡುಗರನ್ನು ತಯಾರು ಮಾಡಿ ಮನೆಮನೆಗೆ ಕಳಿಸಿದರು. ಆ ಹುಡುಗರು ಪಾತ್ರೆಯ ಚೀಲ ಹೊತ್ತು ಬಾಗಿಲು ತಟ್ಟಿ, ಒಳಗೆ ಕರೆದರೆ ಒಲೆಯ ಮುಂದೆ ನಿಂತು ಅಡುಗೆ ಮಾಡಿಯೇ ತೋರಿಸುತ್ತಿದ್ದರು. ಅದರಿಂದ ಬಂದ ಹಣದಲ್ಲಿ ಎಷ್ಟೋ ಹುಡುಗರು ಫೀಜು ಕಟ್ಟಿ ಓದು ಮುಗಿಸಿದರು. ಅಲ್ಯೂಮಿನಿಯಮ್ಮಿನ ಹಣೆಬರಹವನ್ನು ಕೊನೆಗೆ ತೀರ್ಮಾನ ಮಾಡಿದವರು ಒಲೆಯ ಮುಂದೆ ನಿಂತು ಅದನ್ನು ಪರೀಕ್ಷಿಸಿದ ಹೆಂಗಸರು.

"ಪರೀಕ್ಷೆ ಮಾಡಿದ್ರೆ ಪಾಸಾಗೋ ಪಾತ್ರೇನೇ ಬಿಡಿ. ಬೇಗ ಕಾಯುತ್ತೆ, ಎತ್ತೋಕೂ ಹಗುರ, ಕಲಾಯಿನೂ ಬೇಡ."

ಅಕ್ಕ ಮೂರೇ ಮಾತಿನಲ್ಲಿ ಹೇಳಿದ್ದು ಪೂರ್ತಿ ವಿಜ್ಞಾನ. ಕಬ್ಬಿಣಕ್ಕಿಂತ ಸುಮಾರು ಮೂರು ಪಟ್ಟು, ಸ್ಟೇನ್‌ಲೆಸ್ ಸ್ಟೀಲಿಗಿಂತ ಹದಿನೈದು ಪಟ್ಟಿನಷ್ಟು ಚೆನ್ನಾಗಿ ಅದು ಶಾಖವನ್ನು ಹರಡುತ್ತದೆ. ತೂಕವೋ ಕಬ್ಬಿಣದ ಮೂರನೇ ಒಂದು ಪಾಲು. ಗಾಳಿ ತಾಗಿದ ಕೂಡಲೇ ಮೈಮೇಲೆ ತೆಳ್ಳನೆಯ ಆಕ್ಸೈಡ್ ಪದರ ಕಟ್ಟಿಕೊಂಡು ತನ್ನನ್ನು ತಾನೇ ಕಾಪಾಡಿಕೊಳ್ಳುತ್ತದೆ. ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಕಿಲುಬು ಹಿಡಿಯುತ್ತಿದ್ದ ಮನೆಗಳಿಗೆ ಇದು ದೊಡ್ಡ ಬಿಡುಗಡೆ. ಪ್ರೆಷರ್ ಕುಕ್ಕರು ನಮ್ಮ ನಾಡಿನಲ್ಲಿ ಮನೆಮಾತಾದದ್ದೂ ಬಹುಪಾಲು ಈ ಲೋಹದ ಮೈಯಲ್ಲೇ.

ಇಲ್ಲಿ ನಮ್ಮ ಕಡೆಯ ಒಂದು ಎಳೆಯೂ ಸೇರುತ್ತದೆ. ಅಮೆರಿಕದಲ್ಲಿ ಕೆಟಲ್‌ಗಳು ಮಾರಾಟವಾಗುತ್ತಿದ್ದ ಕಾಲದಲ್ಲೇ, 1898ರಲ್ಲಿ, ಮದರಾಸಿನ ಸ್ಕೂಲ್ ಆಫ್ ಆರ್ಟ್ಸ್‌ನಲ್ಲಿ ಆಲ್ಫ್ರೆಡ್ ಚಾಟರ್ಟನ್ ಅಲ್ಯೂಮಿನಿಯಂ ಪಾತ್ರೆ ಮಾಡಿಸಲು ಆರಂಭಿಸಿದರು. ಲೋಹವೆಲ್ಲ ಹೊರದೇಶದಿಂದ ಬರಬೇಕು; ಬಡಿದು ರೂಪ ಕೊಡುವ ಕೈಗಳು ಮಾತ್ರ ನಮ್ಮವು. ಕೆಲಸ ಕುದುರಿದ ಮೇಲೆ 1903ರಲ್ಲಿ ಅದನ್ನು ಇಂಡಿಯನ್ ಅಲ್ಯೂಮಿನಿಯಂ ಕಂಪನಿ ಎಂಬ ಖಾಸಗಿ ಸಂಸ್ಥೆಗೆ ವಹಿಸಿಕೊಟ್ಟರು.

"ಚಾಟರ್ಟನ್ ಅಂದ್ರೆ ಮೈಸೂರು ಗಂಧದೆಣ್ಣೆ ಕಾರ್ಖಾನೆ ಕಾಲದೋರಾ?"

ಅವರೇ. ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ನಿರ್ದೇಶಕರಾಗಿ ಬಂದು, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1916ರಲ್ಲಿ ಗಂಧದೆಣ್ಣೆ ಕಾರ್ಖಾನೆ ಏಳುವುದಕ್ಕೆ ದುಡಿದವರು. ನಮ್ಮ ದೇಶದಲ್ಲಿ ಲೋಹ ತೆಗೆಯುವುದಕ್ಕಿಂತ ಎಷ್ಟೋ ಮೊದಲೇ ಪಾತ್ರೆ ಬಂದಿತ್ತು ಎನ್ನುವುದನ್ನು ಮರೆಯಬಾರದು. ಕೇರಳದ ಆಲುವಾದಲ್ಲಿ ಇಂಡಾಲ್ ಎಂಬ ಕಂಪನಿ ಲೋಹ ತೆಗೆದದ್ದು 1943ರಲ್ಲಿ. ಬಿರ್ಲಾ ಮನೆತನದ ಹಿಂಡಾಲ್ಕೊ ರೇಣುಕೂಟದಲ್ಲಿ ಆರಂಭವಾದದ್ದು 1962ರಲ್ಲಿ. ಆ ದಶಕ ಮುಗಿಯುವ ಹೊತ್ತಿಗೆ ಇಂಡಾಲ್ ಬೆಳಗಾವಿಗೂ ಬಂತು. ಬೆಳಗಾವಿಯಲ್ಲಿ ಲೋಹ ತೆಗೆಯುವ ಕೆಲಸ ನಿಂತು ಬಹಳ ಕಾಲವಾಯಿತು. ಈಗ ಅಲ್ಲಿ ತಯಾರಾಗುವುದು ಅಲ್ಯುಮಿನಾ. ಇಂಡಾಲ್ ಕೂಡ 2000ದಲ್ಲಿ ಹಿಂಡಾಲ್ಕೊ ಕೈಗೆ ಸೇರಿತು.

"ಸರಿ, ಪಾತ್ರೆ ಕಥೆ ಆಯ್ತು. ಈ ಹಾಳೆ ಎಲ್ಲಿಂದ ಬಂತು?"

ಯುದ್ಧದಿಂದ. ಎರಡನೇ ಮಹಾಯುದ್ಧದ ವಿಮಾನಗಳ ಮೈಯೆಲ್ಲ ಅಲ್ಯೂಮಿನಿಯಂ. 1940ರಲ್ಲಿ ಬ್ರಿಟನ್ ಸರ್ಕಾರ, 1941ರಲ್ಲಿ ಅಮೆರಿಕ ಸರ್ಕಾರ ಮನೆಮನೆಯ ಅಲ್ಯೂಮಿನಿಯಂ ಪಾತ್ರೆಗಳನ್ನು ಕೊಡಿ ಎಂದು ಕೇಳಿದವು. ಹೆಂಗಸರು ತಮ್ಮ ಕೆಟಲ್, ಬಾಣಲೆ, ತಪ್ಪಲೆ ತಂದು ಬೀದಿಯಲ್ಲಿ ರಾಶಿ ಹಾಕಿದರು. ಅಷ್ಟರಿಂದ ಎಷ್ಟು ವಿಮಾನ ಎದ್ದವು ಎನ್ನುವುದಕ್ಕಿಂತ, ಬೇಕೆಂದು ಮನೆಬಾಗಿಲಿಗೆ ಬಂದು ಕೇಳಿದಾಗ ಜನ ಲೋಹವನ್ನು ಹಿಂದಕ್ಕೆ ಕೊಟ್ಟರು ಎನ್ನುವುದು ನನಗೆ ಮುಖ್ಯ. ಇತ್ತ ಕಾರ್ಖಾನೆಗಳೂ ಹಗಲಿರುಳು ನಡೆದವು. 1939ರಲ್ಲಿ ಅಮೆರಿಕ ತೆಗೆಯುತ್ತಿದ್ದ ಅಲ್ಯೂಮಿನಿಯಂ ಸುಮಾರು ಒಂದೂವರೆ ಲಕ್ಷ ಟನ್. 1943ರಲ್ಲಿ ಅದು ಎಂಟು ಲಕ್ಷ ಟನ್ ದಾಟಿತು.

ಆ ಕಾಲದಲ್ಲಿ ಅಲ್ಕೋವಾಕ್ಕೆ ಎದುರಾಗಿ ನಿಂತದ್ದು ರೆನಾಲ್ಡ್ಸ್ ಮೆಟಲ್ಸ್. ಇದರ ಹುಟ್ಟು ಇನ್ನೊಂದು ಬಗೆ. ಸಿಗರೇಟು ಉದ್ಯಮಿ ಆರ್. ಜೆ. ರೆನಾಲ್ಡ್ಸ್‌ನ ಅಣ್ಣನ ಮಗ ರಿಚರ್ಡ್ ರೆನಾಲ್ಡ್ಸ್ 1919ರಲ್ಲಿ ಲೂಯಿವಿಲ್ ನಗರದಲ್ಲಿ ಸಿಗರೇಟು ಪ್ಯಾಕಿನೊಳಗಿನ ಸೀಸ-ತವರದ ಹಾಳೆ ಮಾಡುವ ಕಂಪನಿ ತೆರೆದ. ಮುಂದೆ ಅಲ್ಯೂಮಿನಿಯಂ ಹಾಳೆಗೆ ಬಂದ. ಯುರೋಪಿನಲ್ಲಿ ಜರ್ಮನಿ ಎಷ್ಟು ಅಲ್ಯೂಮಿನಿಯಂ ತೆಗೆಯುತ್ತಿದೆ ಎಂದು ಕಣ್ಣಾರೆ ಕಂಡು ಬಂದವನೇ, ಸರ್ಕಾರದಿಂದ ಸಾಲ ಪಡೆದು 1941ರಲ್ಲಿ ಅಲಬಾಮ ರಾಜ್ಯದಲ್ಲಿ ತನ್ನದೇ ಲೋಹ ತೆಗೆಯಲು ಆರಂಭಿಸಿದ. ಅಲ್ಲಿಯವರೆಗೆ ಆ ದೇಶದಲ್ಲಿ ಅದಿರಿನಿಂದ ಅಲ್ಯೂಮಿನಿಯಂ ತೆಗೆಯುತ್ತಿದ್ದದ್ದು ಅಲ್ಕೋವಾ ಒಂದೇ.

ಯುದ್ಧ ಮುಗಿಯಿತು. ವಿಮಾನ ಬೇಡವಾಯಿತು, ಲೋಹ ಮತ್ತೆ ರಾಶಿ ಬಿತ್ತು. ಮತ್ತೆ ಅಡುಗೆಮನೆಯೇ ಗತಿ. 1947ರಲ್ಲಿ ರೆನಾಲ್ಡ್ಸ್ ರ‍್ಯಾಪ್ ಎಂಬ ಹಾಳೆಯ ಸುರುಳಿ ಅಂಗಡಿಗೆ ಬಂತು. 1949ರಲ್ಲಿ ಅಲ್ಕೋವಾ ಚಾಕು ಮಾಡುವ ಕೇಸ್ ಕಂಪನಿಯ ಜತೆ ಸೇರಿ ಕಟ್ಕೋ ಚಾಕುಗಳನ್ನು ಮನೆಮನೆಗೆ ಮಾರತೊಡಗಿತು. ಹತ್ತು ವರ್ಷ ಕಳೆದು ಕೂರ್ಸ್ ಬಿಯರ್ ಅಲ್ಯೂಮಿನಿಯಂ ಕ್ಯಾನಿನಲ್ಲಿ ಬಂತು. ಪಾತ್ರೆ, ಹಾಳೆ, ಚಾಕು, ಕ್ಯಾನು, ಕಿಟಕಿಯ ಚೌಕಟ್ಟು, ಹೀಗೆ ಒಂದರ ಹಿಂದೆ ಒಂದು. ದೊಡ್ಡ ಕಂಪನಿ ಎಲ್ಲವನ್ನೂ ಮುಂಚೆಯೇ ಎಣಿಸಿ ಹೆಜ್ಜೆಯಿಟ್ಟಿತು ಎಂದು ನಾವು ಅಂದುಕೊಳ್ಳುತ್ತೇವೆ. ಇಲ್ಲಿ ಹೆಜ್ಜೆ ಹಾಕಿಸಿದ್ದು ಗೋದಾಮಿನಲ್ಲಿ ಉಳಿದ ಲೋಹ.

ಅಕ್ಕ ಸ್ವಲ್ಪ ಹೊತ್ತು ಯೋಚಿಸಿದರು. "ಪಾತ್ರೆ ಒಂದ್ಸಲ ಕೊಂಡ್ರೆ ಸೊಸೆ ಕಾಲಕ್ಕೂ ಬರುತ್ತೆ. ಹಾಳೆ ತಿಂಗಳು ತಿಂಗಳೂ ಕೊಳ್ಬೇಕು. ಕಂಪನಿಗೆ ಯಾವುದು ಲಾಭ ಅಂತ ಕೇಳೋದೇ ಬೇಡ."

ಲೆಕ್ಕದ ಬುಡ ಅದೇ. ಆದರೆ ಹಾಳೆಯನ್ನು ಪೂರ್ತಿ ದೂರಲು ನನಗೆ ಮನಸ್ಸಿಲ್ಲ. ಬೆಳಕು, ಗಾಳಿ, ತೇವ ಮೂರನ್ನೂ ಅಷ್ಟು ತೆಳ್ಳಗಿದ್ದೂ ತಡೆಯುವ ವಸ್ತು ಬೇರೆ ಸುಲಭಕ್ಕೆ ಸಿಗುವುದಿಲ್ಲ. ಮಾತ್ರೆಯ ಪಟ್ಟಿಯ ಬೆನ್ನಿಗೆ ಅದಿಲ್ಲದಿದ್ದರೆ ಮಳೆಗಾಲದ ಮಲೆನಾಡಿನಲ್ಲಿ ಔಷಧಿ ಉಳಿಯುವುದು ಕಷ್ಟ. ಫ್ರಿಜ್ ಇಲ್ಲದೆ ತಿಂಗಳುಗಟ್ಟಲೆ ಉಳಿಯುವ ಹಾಲಿನ ಪೆಟ್ಟಿಗೆಯೊಳಗೂ ಅಲ್ಯೂಮಿನಿಯಮ್ಮಿನ ಒಂದು ಪದರ ಇದೆ. ಅಲ್ಲಿ ಹಾಳೆ ತನ್ನ ಬೆಲೆಗೆ ತಕ್ಕ ಕೆಲಸ ಮಾಡುತ್ತದೆ. ಬಾಳೆ ಎಲೆ, ಮುತ್ತುಗದ ಎಲೆ, ಒಗೆದ ಬಟ್ಟೆ, ಮುಚ್ಚಳದ ಡಬ್ಬಿ ಇವೆಲ್ಲ ಕೈಗೆ ಸಿಗುವಾಗಲೂ ಅರ್ಧ ಗಂಟೆಯ ಚಪಾತಿಗೆ ಹಾಳೆ ಹರಿಯುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ.

"ಒಂದು ತುಂಡು ಹಾಳೆಗೆ ಅಷ್ಟು ಯೋಚನೆ ಬೇಕಾ ಮೇಷ್ಟ್ರೇ?"

ಬೇಕು. ಒಂದು ಕಿಲೋ ಅಲ್ಯೂಮಿನಿಯಮ್ಮಿಗೆ ನಾಲ್ಕರಿಂದ ಐದು ಕಿಲೋ ಬಾಕ್ಸೈಟ್ ಅಗೆಯಬೇಕು. ಅದರಿಂದ ಎರಡು ಕಿಲೋದಷ್ಟು ಅಲ್ಯುಮಿನಾ. ಆಮೇಲೆ ಲೋಹ ಬಿಡಿಸಲು 13ರಿಂದ 15 ಯೂನಿಟ್ ಕರೆಂಟು. ಮನೆಯ ಸಾಮಾನ್ಯ ಸೀಲಿಂಗ್ ಫ್ಯಾನು ಹಗಲೂ ರಾತ್ರಿ ಒಂದು ವಾರ ತಿರುಗಿದರೆ ಸುಮಾರು ಅಷ್ಟು ಖರ್ಚಾಗುತ್ತದೆ. ಹಾಲ್‌ನ ಕಂಪನಿ 1895ರಲ್ಲಿ ನಯಾಗರ ಜಲಪಾತದ ಬಳಿಗೆ ಹೋದದ್ದು, ರೇಣುಕೂಟದ ಕಾರ್ಖಾನೆ ರಿಹಂದ್ ಅಣೆಕಟ್ಟಿನ ಪಕ್ಕದಲ್ಲಿ ಎದ್ದದ್ದು, ಎಲ್ಲ ಈ ಕರೆಂಟಿನ ಹಸಿವಿನಿಂದ. ಆದರೆ ಒಮ್ಮೆ ತೆಗೆದ ಲೋಹವನ್ನು ಮತ್ತೆ ಕರಗಿಸಲು ಬೇಕಾಗುವುದು ಮೊದಲಿನ ಶಕ್ತಿಯಲ್ಲಿ ನೂರಕ್ಕೆ ಐದು ಪಾಲು ಮಾತ್ರ. 660 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಅದು ಕರಗುತ್ತದೆ; ಎಷ್ಟು ಸಲ ಕರಗಿಸಿದರೂ ಲೋಹ ಲೋಹವೇ. ಅಷ್ಟು ಕಷ್ಟಪಟ್ಟು ಮಣ್ಣಿನಿಂದ ಬಿಡಿಸಿದ್ದನ್ನು ಎಣ್ಣೆ ಮೆತ್ತಿದ ಉಂಡೆ ಮಾಡಿ ಮತ್ತೆ ಮಣ್ಣಿಗೆ ಎಸೆಯುವುದು ನನಗೆ ನಿಜವಾಗಿಯೂ ಸಂಕಟ ಕೊಡುತ್ತದೆ.

ನಮ್ಮಲ್ಲಿ ಪಾತ್ರೆಗೆ ಈ ಗತಿ ಯಾವತ್ತೂ ಬಂದಿಲ್ಲ. ತೂತು ಬಿದ್ದ ತಪ್ಪಲೆ ಗುಜರಿಯವನ ತಕ್ಕಡಿ ಏರುತ್ತದೆ, ಇಲ್ಲವೇ ಹಳೇ ಪಾತ್ರೆಗೆ ಹೊಸ ಪಾತ್ರೆ ಕೊಡುವವಳ ಬುಟ್ಟಿ ಸೇರುತ್ತದೆ. ಜಗತ್ತಿನ ಕಂಪನಿಗಳು ಇವತ್ತು ದೊಡ್ಡ ದೊಡ್ಡ ಸಭೆಗಳಲ್ಲಿ ಹೇಳುವ ಪಾಠವನ್ನು ಇವರು ಬೀದಿ ಬೀದಿಯಲ್ಲಿ ನಡೆಸಿಕೊಂಡು ಬಂದಿದ್ದಾರೆ. ಹಾಳೆಯನ್ನು ಮಾತ್ರ ಅವರೂ ಬೇಡ ಎನ್ನುತ್ತಾರೆ. ಅದು ಹಗುರ, ಜಿಡ್ಡು ಹಿಡಿದಿರುತ್ತದೆ, ಕರಗಿಸಲು ಹಾಕಿದರೆ ತೆಳುವಾದ್ದರಿಂದ ಒಂದಿಷ್ಟು ಉರಿದೇ ಹೋಗುತ್ತದೆ. ಆದ್ದರಿಂದ ತೊಳೆದು ಒರೆಸಿ, ಒಂದರ ಮೇಲೊಂದು ಸುತ್ತಿ ಮುಷ್ಟಿ ಗಾತ್ರದ ಉಂಡೆಯಾದ ಮೇಲೆ ಕೊಟ್ಟರೆ ಅದಕ್ಕೂ ದಾರಿಯಿದೆ.

"ಆರೋಗ್ಯಕ್ಕೆ ಒಳ್ಳೇದಲ್ಲ ಅಂತಾರಲ್ಲ?"

ಹುಳಿ, ಟೊಮೆಟೊ, ಮಜ್ಜಿಗೆ ಇವನ್ನು ಬರಿಯ ಅಲ್ಯೂಮಿನಿಯಮ್ಮಿನಲ್ಲಿ ಹೊತ್ತುಗಟ್ಟಲೆ ಇಡಬಾರದು ಎಂದು ಹಿರಿಯರು ಹೇಳುವುದು ಸರಿ. ಹುಳಿ ಆ ಆಕ್ಸೈಡ್ ಪದರವನ್ನು ತಿಂದು ಲೋಹವನ್ನು ಒಂದಿಷ್ಟು ಕರಗಿಸುತ್ತದೆ. ಅನ್ನಕ್ಕೆ, ಹಾಲಿಗೆ, ಬೇಳೆ ಬೇಯಿಸಲು ಆ ತೊಂದರೆ ಕಡಿಮೆ. ಯಾವ ಯಾವುದೋ ಗುಜರಿ ಕರಗಿಸಿ ಹೊಯ್ದ ಗುರುತಿಲ್ಲದ ಪಾತ್ರೆಯಲ್ಲಿ ಸೀಸ ಸೇರಿರಬಹುದು. ಅದನ್ನು ಕೊಳ್ಳದಿರುವುದು ಮೇಲು. 2024ರಲ್ಲಿ ಕೇಂದ್ರ ಸರ್ಕಾರ ಅಲ್ಯೂಮಿನಿಯಂ ಪಾತ್ರೆಗಳಿಗೂ ಐಎಸ್‌ಐ ಗುರುತು ಕಡ್ಡಾಯ ಎಂದು ಆದೇಶ ತಂದಿತು. ಕೊಳ್ಳುವಾಗ ತಳ ತಿರುಗಿಸಿ ಆ ಗುರುತು ನೋಡಿ ಅಕ್ಕ ಎಂದೆ.

"ಆಮೇಲೆ ಆ ಅಮೆರಿಕದ ಕಂಪನಿ ಏನಾಯ್ತು? ಇನ್ನೂ ಪಾತ್ರೆ ಮಾಡ್ತಾರಾ?"

ಇಲ್ಲ. ಪಾತ್ರೆ, ಚಾಕು ಎರಡನ್ನೂ ಅಲ್ಕೋವಾ 1980ರ ದಶಕದಲ್ಲಿ ಬೇರೆಯವರಿಗೆ ಬಿಟ್ಟುಕೊಟ್ಟಿತು. 2000ದಲ್ಲಿ ಹಳೆಯ ಎದುರಾಳಿ ರೆನಾಲ್ಡ್ಸನ್ನೇ ಕೊಂಡಿತು. ಎಂಟು ವರ್ಷದಲ್ಲಿ ಆ ಹಾಳೆಯ ವ್ಯಾಪಾರವನ್ನೂ ನ್ಯೂಜಿಲೆಂಡಿನ ರ‍್ಯಾಂಕ್ ಗ್ರೂಪಿಗೆ ಮಾರಿತು. 2016ರಲ್ಲಿ ಕಂಪನಿ ಎರಡಾಗಿ, ಅಲ್ಕೋವಾ ಎಂಬ ಹೆಸರು ಉಳಿದ ಭಾಗ ಮತ್ತೆ ಬಾಕ್ಸೈಟ್, ಅಲ್ಯುಮಿನಾ, ಅಲ್ಯೂಮಿನಿಯಂ ಈ ಮೂರಕ್ಕೇ ಮರಳಿತು. ನಮ್ಮ ಹಿಂಡಾಲ್ಕೊ ಇನ್ನೊಂದು ದಾರಿ ಹಿಡಿದಿದೆ. ಮನೆಗೆ ಬೇಕಾದ ಫ್ರೆಶ್‌ರ‍್ಯಾಪ್ ಹಾಳೆ, ಚಾವಣಿಗೆ ಎವರ್‌ಲಾಸ್ಟ್, ಕಿಟಕಿ ಬಾಗಿಲಿಗೆ ಎಟರ್ನಿಯಾ ಎಂದು ಬಳಕೆಯ ವಸ್ತುಗಳಿಗೂ ಬಂದಿದೆ. 2007ರಲ್ಲಿ ಅದು ಕೊಂಡ ನೊವೆಲಿಸ್, ಬಳಸಿದ ಕ್ಯಾನುಗಳನ್ನು ಕರಗಿಸಿ ಮತ್ತೆ ಕ್ಯಾನಿನ ತಗಡು ಮಾಡುವುದರಲ್ಲಿ ಜಗತ್ತಿನ ಮುಂಚೂಣಿಯ ಕಂಪನಿ. ನನಗೆ ಹೆಚ್ಚು ಭರವಸೆ ಕೊಡುವುದು ಈ ಕೆಲಸ.

ಹಿಂದಕ್ಕೆ ತರುವುದು ಆಗದ ಮಾತೇನಲ್ಲ. ಜರ್ಮನಿಯಲ್ಲಿ 2003ರಿಂದ ಪಾನೀಯದ ಕ್ಯಾನಿಗೆ 25 ಸೆಂಟ್ ಮುಂಗಡ ಇಡಬೇಕು. ಖಾಲಿ ಕ್ಯಾನು ತಂದುಕೊಟ್ಟರೆ ಹಣ ವಾಪಸ್. ಬ್ರೆಜಿಲ್‌ನಲ್ಲಿ ಕ್ಯಾನು ಆಯುವವರ ದುಡಿಮೆಯಿಂದ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಕ್ಯಾನುಗಳು ಕುಲುಮೆಗೆ ಮರಳುತ್ತವೆ. ಕ್ಯಾನಿಗೆ ಆದದ್ದು ಹಾಳೆಗೂ, ಹೋಟೆಲಿನ ಪಾರ್ಸೆಲ್ ಡಬ್ಬಿಗೂ ಆಗಬೇಕು.

"ನಾವು ತೊಳೆದು ಇಡಬಹುದು ಮೇಷ್ಟ್ರೇ. ತೊಗೊಂಡು ಹೋಗೋರು ಯಾರು?"

ಅಕ್ಕನ ಈ ಪ್ರಶ್ನೆಯನ್ನೇ ಕಂಪನಿಗಳ ಮುಂದಿಡಬೇಕು. ಲೋಹದ ಕಂಪನಿ ಬಳಕೆಯ ವಸ್ತುಗಳಿಗಿಳಿದು ಎಷ್ಟು ಬೆಳೆಯಿತು ಎಂದು ಎಷ್ಟು ರೋಲು ಮಾರಿತು ಎನ್ನುವುದರ ಮೇಲೆ ಅಳೆಯುತ್ತಾರೆ. ನಾನು ಅಳೆಯುವುದು, ಮಾರಿದ್ದರಲ್ಲಿ ಎಷ್ಟನ್ನು ಹಿಂದಕ್ಕೆ ತಂದಿತು ಎನ್ನುವುದರ ಮೇಲೆ. ಯಾರಿಗೂ ಬೇಡವಾಗಿದ್ದ ಲೋಹವನ್ನು ಮಾರಲು ಹುಡುಗರನ್ನು ಮನೆಬಾಗಿಲಿಗೆ ಕಳಿಸಿದ ಉದ್ಯಮ ಇದು. ಅದೇ ಬಾಗಿಲಿಗೆ, ಅದೇ ಉತ್ಸಾಹದಿಂದ, ಬಳಸಿದ ಲೋಹವನ್ನು ಕೇಳಿಕೊಂಡು ಬರಲಿ. ಹೊಸದಾಗಿ ಜನರನ್ನು ಹುಡುಕುವುದೂ ಬೇಕಿಲ್ಲ. ಗುಜರಿಯವರು, ಪಾತ್ರೆ ಬುಟ್ಟಿಯ ಹೆಂಗಸರು, ಕಸ ಬೇರ್ಪಡಿಸುವ ಪೌರಕಾರ್ಮಿಕರು ಪ್ರತಿ ಬೀದಿಯಲ್ಲೂ ಇದ್ದಾರೆ. ಹಗುರ ಹಾಳೆಗೂ ಅವರ ಕೈಗೆ ತಕ್ಕ ಬೆಲೆ ಸಿಗುವ ಹಾಗೆ ಕಂಪನಿ ಮಾಡಿದರೆ, ನಾವು ತೊಳೆದಿಟ್ಟ ಉಂಡೆ ಕಸದ ಗುಡ್ಡಕ್ಕೆ ಹೋಗದೆ ಕುಲುಮೆಗೆ ಹೋಗುತ್ತದೆ.